ಪಡಸಾಲೆಯ ಮೊಳೆ, ಅತ್ತೆಯ ಕಣ್ಣು

ಮನೆಗೆ ಸುಣ್ಣ ಹಚ್ಚುವ ದಿನವೆಂದರೆ ಗೋಡೆಯ ಮೇಲಿನ ದೇವರು, ಹಿರಿಯರು, ಕ್ಯಾಲೆಂಡರು, ಕನ್ನಡಿ ಎಲ್ಲವೂ ಒಟ್ಟಿಗೆ ನೆಲಕ್ಕಿಳಿದು, ಯಾರು ಪೂಜ್ಯರು ಯಾರು ಸಾಮಾನ್ಯರು ಎಂಬ ಭೇದವಿಲ್ಲದೆ ಹಾಸಿಗೆಯ ಸುರುಳಿಗೆ ಆತುಕೊಂಡು ಕೂರುವ ದಿನ. ಮೊನ್ನೆ ಬೈಲಹೊಂಗಲದ ನಮ್ಮ ಮನೆಗೆ ಅಂಥದೊಂದು ದಿನ ಬಂದಿತ್ತು. ಸುಣ್ಣ ಹಚ್ಚುವ ಯಲ್ಲಪ್ಪ ಏಣಿಯ ಮೇಲೆ ನಿಂತು ಬೋಳು ಗೋಡೆಯನ್ನು ಕೈಯಿಂದ ಸವರಿ ನೋಡಿ, ‘ಅಮ್ಮಾರ, ಈ ಮೊಳಿ ತುಕ್ಕು ಹಿಡದು ಸೊಟ್ಟ ಆಗೇತ್ರಿ. ಕಿತ್ತು ಒಗದು ಛಲೋ ಒಂದು ಹೊಸಾದು ಬಡೀಲೇನ್ರಿ?’ ಎಂದ. ‘ಅದನ್ನ ಕಿತ್ತಿ ಅಂದ್ರ ಆ ಜಾಗಾದಾಗ ನಿನ್ನ ತೂಗು ಹಾಕತೇನಿ ನೋಡು’ ಎಂದೆ. ಅವನು ನಗುತ್ತ ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿ, ಆ ಮೊಳೆಯೊಂದನ್ನು ಬಿಟ್ಟು ಅದರ ಸುತ್ತ ಸುಣ್ಣ ಬಳಿಯತೊಡಗಿದ.

ಒಂದು ತುಕ್ಕು ಮೊಳೆಗೆ ಇಷ್ಟು ಸಿಡುಕೇ ಎಂದು ನೀವೂ ಕೇಳಬಹುದು. ಕೇಳಬೇಕು ಕೂಡ. ವಯಸ್ಸಾದವರ ಸಿಡುಕಿನ ಹಿಂದೆ ಸಾಮಾನ್ಯವಾಗಿ ಮೊಣಕಾಲು ನೋವಿರುತ್ತದೆ, ಇಲ್ಲವೇ ಒಂದು ಕತೆಯಿರುತ್ತದೆ. ನನಗೆ ಎರಡೂ ಇವೆ. ಮೊಣಕಾಲಿನದನ್ನು ಡಾಕ್ಟರರಿಗೆ ಬಿಟ್ಟು ಕತೆಯನ್ನು ನಿಮಗೆ ಹೇಳುತ್ತೇನೆ, ಕುಳಿತುಕೊಳ್ಳಿ.

ಆ ಮೊಳೆಯನ್ನು ಹೊಡೆಸಿದವರು ನಮ್ಮ ಅತ್ತೆ ನೀಲಗಂಗವ್ವ. ಎಪ್ಪತ್ತರ ದಶಕದಲ್ಲಿ ನಾನು ರಾಮದುರ್ಗದಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಪಡಸಾಲೆಯ ಗೋಡೆಯ ಮೇಲೆ ಮಾವನವರ ಫೋಟೋ ಇತ್ತು, ಅದರ ಮಗ್ಗುಲಲ್ಲೇ ಈ ಖಾಲಿ ಮೊಳೆ ಇತ್ತು. ಮಾವನವರ ಫೋಟೋಕ್ಕೆ ಮೊಳೆ ಹೊಡೆಯಲು ಬಡಿಗನನ್ನು ಕರೆಸಿದ್ದಾಗ ಅತ್ತೆ, ‘ಹೆಂಗೂ ಸುತ್ತಗಿ ಕೈಯಾಗ ಹಿಡದಿಯಲ್ಲ, ನನಗೂ ಒಂದು ಹೊಡದಬಿಡು. ಮತ್ತ ಹುಡುಕಿ ಕರ್ಕೊಂಡು ಬರೂದ್ಯಾಕ’ ಎಂದರಂತೆ. ಅತ್ತೆಯ ಸ್ವಭಾವವೇ ಅಂಥದು. ಸಾವಿನ ಬಗ್ಗೆ ಅವರಿಗೆ ಇದ್ದದ್ದು ಹೆದರಿಕೆಯಲ್ಲ, ಮುಂಜಾಗ್ರತೆ.

ಹೆದರಿಕೆ ಇದ್ದದ್ದು ಬೇರೊಂದರ ಬಗ್ಗೆ. ಅದು ನಿಮಗೆ ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಮನುಷ್ಯ ತೀರಿಕೊಂಡರೆ ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೀಯಿಸಿ, ಹೊಸ ಬಟ್ಟೆ ಉಡಿಸಿ, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ಹೂಮಾಲೆ ಹಾಕಿ, ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂರಿಸುತ್ತೇವೆ. ಮಕ್ಕಳು, ಮೊಮ್ಮಕ್ಕಳು, ಬೀಗರು ಎರಡೂ ಕಡೆ ನಿಂತ ಮೇಲೆ ಸ್ಟುಡಿಯೋದವನು ಬಂದು ಫೋಟೋ ತೆಗೆಯುತ್ತಾನೆ. ಆ ಕಾಲದಲ್ಲಿ ಎಷ್ಟೋ ಮಂದಿಗೆ ಫೋಟೋ ತೆಗೆಸಿಕೊಳ್ಳುವ ಯೋಗ ಬರುತ್ತಿದ್ದದ್ದು ಬದುಕು ಮುಗಿದ ಮೇಲೆಯೇ. ಮುಚ್ಚಿದ ಕಣ್ಣಿನ ಫೋಟೋವನ್ನು ಗೋಡೆಗೆ ಹಾಕಲು ಮನೆಯವರಿಗೆ ಮನಸ್ಸು ಬರುತ್ತಿರಲಿಲ್ಲವಾದ್ದರಿಂದ ಸ್ಟುಡಿಯೋದವನು ಸಣ್ಣ ಕುಂಚದಿಂದ ಕಣ್ಣು ಬರೆದು ತೆರೆಸಿ ಕೊಡುತ್ತಿದ್ದ.

ನಮ್ಮೂರ ಬಜಾರಿನ ಸ್ಟುಡಿಯೋ ರಾಚಪ್ಪನ ತೊಂದರೆ ಏನೆಂದರೆ, ಅವನಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಜೋಡಿ ಕಣ್ಣು. ದುಂಡಗೆ, ಕರ್ರಗೆ, ಯಾರೋ ಹಿಂದಿನಿಂದ ಬಂದು ಬೆಚ್ಚಿಬೀಳಿಸಿದಂತೆ ಅರಳಿದ್ದು, ನಡುವೆ ಒಂದು ಬಿಳಿ ಚುಕ್ಕೆ. ಗಂಡಸಾಗಲಿ ಹೆಂಗಸಾಗಲಿ, ಗೌಡರಾಗಲಿ ಗಾಡಿ ಹೊಡೆಯುವವರಾಗಲಿ, ಎಲ್ಲರಿಗೂ ಅದೇ ಕಣ್ಣು. ಊರಿನ ಯಾವ ಮನೆಗೆ ಹೋದರೂ ಗೋಡೆಯ ಮೇಲಿಂದ ಅವೇ ಕಣ್ಣುಗಳು ನಮ್ಮನ್ನು ನೋಡುತ್ತಿದ್ದವು. ಮಾವನವರದು ನಿಜದಲ್ಲಿ ಬೆಕ್ಕಿನ ಕಣ್ಣಂತೆ, ಕಿರಿದು, ನಗುವಾಗ ಗೆರೆಯಷ್ಟೇ ಉಳಿಯುತ್ತಿದ್ದವಂತೆ. ಪ್ರತಿದಿನ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ಅತ್ತೆ ಆ ಫೋಟೋದ ಮುಂದೆ ಒಂದು ಗಳಿಗೆ ನಿಂತು, ‘ಮುಖ ನಿಮ್ಮದ ಐತಿ, ನೋಡಾಂವ ಮಾತ್ರ ಬ್ಯಾರೆ ಯಾವನೋ’ ಎನ್ನುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ, ಗಂಡನ ಮುಖದಲ್ಲಿ ಕೂತ ಪರಕೀಯ ಕಣ್ಣಿಗೆ ವರ್ಷಗಟ್ಟಲೆ ಊದುಬತ್ತಿ ಬೆಳಗುವುದು ಎಂಥ ಶಿಕ್ಷೆ ಎಂದು ತಿಳಿಯಿತು.

ಹೀಗಿರುವಾಗ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ಧಾರವಾಡದ ಡಾಕ್ಟರು ನೋಡಿ, ಹತ್ತಿಯ ಸುಗ್ಗಿ ಮುಗಿಯುತ್ತಲೇ ಕರೆದುಕೊಂಡು ಬನ್ನಿ, ಆಪರೇಶನ್ ಮಾಡೋಣ, ಆಮೇಲೆ ದಪ್ಪ ಗಾಜಿನ ಚಾಳೀಸು ಹಾಕಿಕೊಳ್ಳಬೇಕಾಗುತ್ತದೆ ಎಂದರು. ಮನೆಗೆ ಬಂದು ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತವರು ನನ್ನನ್ನು ಕರೆದರು. ‘ಶಾರವ್ವಾ, ನಿನ್ನ ಪೆಟಗಿಯಾಗ ಫೋಟೋ ತಗಿಯೂದು ಐತೆಲ್ಲ, ಅದನ್ನ ಹೊರಗ ತಗಿ. ಕಣ್ಣಿಗೆ ಕತ್ತಿ ಹಚ್ಚೂ ಮೊದಲ ನನಗ ನನ್ನ ಕಣ್ಣು ಬೇಕು. ತೆರದಿದ್ದು ಬೇಕು. ನನ್ನವ ಬೇಕು. ರಾಚಪ್ಪನವು ಬ್ಯಾಡ.’

ಪೆಟ್ಟಿಗೆಯಲ್ಲಿ ಕ್ಯಾಮೆರಾ ಇರುವುದು ಅವರಿಗೆ ಗೊತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ. ಅದು ನಮ್ಮಣ್ಣ ಕೊಟ್ಟದ್ದು. ಅಣ್ಣ ಸವದತ್ತಿಯಲ್ಲಿದ್ದುಕೊಂಡು ನವಿಲುತೀರ್ಥದ ಅಣೆಕಟ್ಟಿನ ಕೆಲಸದಲ್ಲಿ ನಕ್ಷೆ ಬರೆಯುತ್ತಿದ್ದ. ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಚರ್ಮದ ಚೀಲದ ಸಮೇತ ನನ್ನ ಮಡಿಲಿಗೆ ಹಾಕಿದ್ದ. ತವರಿನಿಂದ ಸೊಸೆ ಕುಬಸ ತರಬಹುದು, ಕೊಬ್ಬರಿ ತರಬಹುದು. ಕ್ಯಾಮೆರಾ ತಂದಳೆಂದರೆ ಓಣಿಯವರು ಏನಂದಾರು? ಅದಕ್ಕೇ ಅದನ್ನು ಧಾರೆಯ ಸೀರೆಯ ಕೆಳಗೆ ಮುಚ್ಚಿಟ್ಟಿದ್ದೆ. ಆಗೊಮ್ಮೆ ಈಗೊಮ್ಮೆ ಬಾಗಿಲು ಹಾಕಿಕೊಂಡು ಅದರ ಉಂಗುರಗಳನ್ನು ತಿರುಗಿಸಿ, ಖಾಲಿ ಕ್ಯಾಮೆರಾದ ಗುಂಡಿ ಒತ್ತಿ, ಆ ಟಿಕ್ ಎನ್ನುವ ಸದ್ದಿಗೆ ಒಬ್ಬಳೇ ಖುಷಿಪಡುತ್ತಿದ್ದೆ.

ನನಗೆ ಬರುತ್ತಿದ್ದ ವಿದ್ಯೆಯೆಂದರೆ ಅಣ್ಣ ಅಣೆಕಟ್ಟಿನ ಒಡ್ಡಿನ ಮೇಲೆ ಒಂದು ಮಧ್ಯಾಹ್ನ ಹೇಳಿಕೊಟ್ಟದ್ದು ಅಷ್ಟೇ. ಕೆಳಗೆ ನೀರು ಬಿಡುವ ಗೇಟುಗಳನ್ನು ತೋರಿಸಿ ಅವನು ಹೇಳಿದ್ದ: ‘ನೋಡು ತಂಗಿ, ಕಾಲುವಿಗೆ ಎಷ್ಟು ನೀರು ಹೋಗತೈತಿ ಅನ್ನೂದು ಎರಡರ ಮ್ಯಾಲ. ಗೇಟ್ ಎಷ್ಟು ಅಗಲ ತೆರದಿ, ಎಷ್ಟೊತ್ತು ತೆರದಿ. ಬೆಳಕಿನ ಲೆಕ್ಕಾನೂ ಹಿಂಗ. ಈ ಉಂಗರ ಅಗಲಕ್ಕ, ಈ ಉಂಗರ ಹೊತ್ತಿಗೆ. ಮೂರನೇದು, ಕುಂತಾವರು ಎಷ್ಟು ದೂರ ಅದಾರ ಅನ್ನೂದಕ್ಕ. ಒಂದು ಮಾತು ಮಾತ್ರ ಮರೀಬ್ಯಾಡ, ಸೂರ್ಯ ಯಾವಾಗಲೂ ನಿನ್ನ ಬೆನ್ನಿಗೆ ಇರಬೇಕು.’ ಈ ಕೊನೆಯ ಮಾತನ್ನು ನಾನು ಗುರುಮಂತ್ರದಂತೆ ಹಿಡಿದುಕೊಂಡಿದ್ದೆ.

ಹಾಗಾಗಿ, ರೀಲು ತರಿಸಿ, ಒಂದು ದಿನ ನಡು ಹಗಲಿನಲ್ಲಿ ಅಂಗಳದಲ್ಲಿ ಕುರ್ಚಿ ಹಾಕಿ, ಸೂರ್ಯನನ್ನು ಶಿಸ್ತಾಗಿ ನನ್ನ ಬೆನ್ನಿಗಿಟ್ಟುಕೊಂಡು ಅತ್ತೆಯನ್ನು ಕರೆದೆ. ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಯ ತುಂಬ ಮೂರು ಬೆರಳು ವಿಭೂತಿ ಎಳೆದುಕೊಂಡು ಬಂದರು. ಕುರ್ಚಿಯ ಮೇಲೆ ಕಾಲು ಮೇಲೆತ್ತಿ ಪದ್ಮಾಸನ ಹಾಕಿದರು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡರು, ಬೆನ್ನು ನೆಟ್ಟಗೆ ಮಾಡಿದರು. ಪಾಪ, ಅವರು ಕಂಡ ಫೋಟೋಗಳಲ್ಲೆಲ್ಲ ಮನುಷ್ಯರು ಕೂರುತ್ತಿದ್ದದ್ದೇ ಹಾಗೆ, ಬೇರೆ ಹೇಗೆ ಕೂರಬೇಕೆಂದು ಅವರಿಗಾದರೂ ಯಾರು ಹೇಳಬೇಕು? ನನಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕ್ಯಾಮೆರಾದ ಗುಲಗಂಜಿಯಷ್ಟು ಕಿಟಕಿಯಲ್ಲಿ ಅತ್ತೆ ಗೊಂಬೆಯಷ್ಟಾಗಿ ಕಂಡರು. ನನ್ನ ಗಮನವೆಲ್ಲ ಉಂಗುರಗಳ ಮೇಲಿತ್ತು. ಗುಂಡಿ ಒತ್ತಿದೆ.

ರೀಲನ್ನು ತೊಳೆಸಲು ರಾಚಪ್ಪನ ಹತ್ತಿರವೇ ಹೋಗಬೇಕಿತ್ತು, ಊರಿಗೆ ಇದ್ದವನು ಅವನೊಬ್ಬನೇ. ಅವನು ಪ್ರಿಂಟನ್ನು ನನ್ನ ಕೈಗಿಡುತ್ತ ಮುಖ ಗಂಟು ಹಾಕಿಕೊಂಡು, ‘ನೀಲಗಂಗವ್ವಾರು ಯಾವಾಗ ತೀರಿಕೊಂಡ್ರಿ? ಇಷ್ಟು ವರ್ಷದ ಪರಿಚಯ, ನನಗ ಒಂದು ಮಾತು ಹೇಳಿ ಕಳಸಲಿಲ್ಲಲ್ರಿ’ ಎಂದ. ನೋಡಿದರೆ ಫೋಟೋ ನಿಚ್ಚಳವಾಗಿ ಬಂದಿತ್ತು. ಸೀರೆಯ ಅಂಚು, ವಿಭೂತಿಯ ಗೆರೆ, ಬೆರಳಿನ ಗೆಣ್ಣು, ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿದ್ದವು. ಪೊರೆ ಬಂದ ಕಣ್ಣು ನಡು ಹಗಲಿನ ಬಿಸಿಲನ್ನು ಹೇಗೆ ತಡೆದೀತು? ‘ಅವರು ಮನ್ಯಾಗ ರೊಟ್ಟಿ ತಿನ್ನಾಕತ್ತಾರ್ರಿ’ ಎಂದು ಹೇಳಿ, ‘ಹಂಗಾದ್ರೂ ಇರಲಿ, ಕಣ್ಣು ಬರದು ಕೊಡಲೇನ್ರಿ?’ ಎಂದು ಅವನು ಕೇಳುವಷ್ಟರಲ್ಲಿ ಅಂಗಡಿಯ ಮೆಟ್ಟಿಲು ಇಳಿದುಬಿಟ್ಟೆ.

ಅಲ್ಲಿಗೇ ಮುಗಿದಿದ್ದರೆ ನನ್ನ ಸೋಲು ನನ್ನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಆದರೆ ನಮ್ಮ ಯಜಮಾನರು ಹತ್ತಿಯ ಎಳೆಯ ಉದ್ದವನ್ನು ಚಿವುಟಿ ನೋಡಿ ಹೇಳಬಲ್ಲವರು, ಎದುರಿಗಿದ್ದ ಮನುಷ್ಯರನ್ನು ನೋಡುವುದರಲ್ಲಿ ಮಾತ್ರ ಸ್ವಲ್ಪ ಉದಾಸೀನರು. ‘ಅವ್ವ ಧ್ಯಾನಕ್ಕ ಕುಂತಂಗ ಕಾಣತಾಳ, ಛಲೋ ಬಂದೈತಿ’ ಎಂದು ಮೆಚ್ಚಿ, ಮಾರುಕಟ್ಟೆಗೆ ಬಂದಿದ್ದ ಸಂಗೊಳ್ಳಿಯ ಗಾಡಿಯವನೊಬ್ಬನ ಕೈಯಲ್ಲಿ ಒಂದು ಪ್ರಿಂಟನ್ನು ಅಲ್ಲಿರುವ ಅತ್ತೆಯ ತಂಗಿ ಗೌರವ್ವನಿಗೆ ಕಳಿಸಿಬಿಟ್ಟರು. ಆ ಪುಣ್ಯಾತ್ಮ ಅದನ್ನು ಗೌರವ್ವನ ಕೈಗಿಟ್ಟು, ‘ನಿಮ್ಮ ಅಕ್ಕನ ಮನಿಯಾವ್ರು ಕೊಟ್ಟಾರ್ರಿ’ ಎಂದಷ್ಟೇ ಹೇಳಿ ಎತ್ತಿಗೆ ನೀರು ಕುಡಿಸಲು ಹೋದನಂತೆ. ಪದ್ಮಾಸನ, ವಿಭೂತಿ, ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಗೌರವ್ವನಿಗೆ ಇನ್ನೇನು ಹೇಳಬೇಕಿತ್ತು?

ಮರುದಿನ ಮೊದಲ ಬಸ್ಸಿಗೇ ಸಂಗೊಳ್ಳಿಯ ಹೆಂಗಸರ ಒಂದು ದಂಡು ನಮ್ಮ ಓಣಿಯ ತುದಿಯಲ್ಲಿ ಇಳಿಯಿತು. ಇಳಿದಲ್ಲಿಂದಲೇ ಗೌರವ್ವ, ‘ನನ್ನಕ್ಕಾ, ನನಗೊಂದು ಮಾತು ಹೇಳದ ಹೋದೆವ್ವಾ’ ಎಂದು ಹಾಡಿ ಅಳತೊಡಗಿದರು, ಉಳಿದವರು ಎದೆ ಬಡಿದುಕೊಂಡು ದನಿಗೂಡಿಸಿದರು. ಅತ್ತೆ ಬಾಗಿಲಲ್ಲಿ ಕುಳಿತಿದ್ದರು. ಪೊರೆಯ ಕಣ್ಣಿಗೆ ಬಂದವರು ಯಾರೆಂದು ಕಾಣಲಿಲ್ಲ, ಅಳುವ ದನಿ ತಂಗಿಯದೆಂದು ಮಾತ್ರ ತಿಳಿಯಿತು. ತಂಗಿಯ ಮನೆಯಲ್ಲಿ ಯಾರೋ ಹೋದರೆಂದುಕೊಂಡು, ಯಾರೆಂದು ಕೇಳುವ ಮೊದಲೇ, ಪದ್ಧತಿ ಬಿಡಬಾರದಲ್ಲ, ಅತ್ತೆಯೂ ಸೆರಗು ಬಾಯಿಗೆ ಹಚ್ಚಿ ಗಟ್ಟಿಯಾಗಿ ಅಳತೊಡಗಿದರು. ಅಕ್ಕ ತಂಗಿಯರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು ಸತ್ತವರಿಗಾಗಿ ಮನಸ್ಸು ತುಂಬ ಅತ್ತರು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ, ‘ತಂಗೀ, ಹೋದವರ್ಯಾರ?’ ಎಂದು ಕೇಳಿದಾಗಲೇ ಗೌರವ್ವ ತಲೆಯೆತ್ತಿ, ತಾನು ಯಾರ ಕೊರಳು ಹಿಡಿದು ಅಳುತ್ತಿದ್ದೇನೆಂದು ನೋಡಿದ್ದು.

ನಕ್ಕೆವು, ನಿಜ. ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಂದವರಿಗೆಲ್ಲ ಚಹಾ, ಅವಲಕ್ಕಿ ಆಯಿತು. ಆದರೆ ನಗು ಮುಗಿದ ಮೇಲೆ ಅತ್ತೆ, ‘ಅಲ್ಲ ಗೌರಾ, ಫೋಟೋದಾಗ ನಾ ಹೆಂಗ ಅದೇನಿ?’ ಎಂದು ಕೇಳಿದರು. ನಾವು ಯಾರೂ ಅವರಿಗೆ ಅದನ್ನು ಹೇಳಿರಲಿಲ್ಲ, ಛಲೋ ಬಂದೈತಿ ಎಂದೇ ಸಾಗಹಾಕಿದ್ದೆವು. ಗೌರವ್ವ ಸುಳ್ಳು ಹೇಳುವವರಲ್ಲ. ‘ಕಣ್ಣು ಮುಚ್ಚಿದಿಯಕ್ಕಾ. ರಾಚಪ್ಪ ಬಂದು ತಗದ ಹಂಗ ಐತಿ.’ ಅತ್ತೆ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು. ಆ ಚಹಾವನ್ನು ಅವರು ಮತ್ತೆ ಕುಡಿಯಲೇ ಇಲ್ಲ.

ಆ ಬಟ್ಟಲು ನನ್ನ ಎದೆಗೆ ಬಡಿಯಿತು. ಯಜಮಾನರು, ‘ಸಾಕಿನ್ನು, ಆ ಡಬ್ಬಿ ಒಳಗ ಇಡು’ ಎಂದರು, ಇಟ್ಟೆ. ಸಂಜೆ ಅತ್ತೆ ತಡವರಿಸುತ್ತ ನನ್ನ ಕೋಣೆಗೆ ಬಂದು ಪೆಟ್ಟಿಗೆಯ ಮೇಲೆ ಕುಳಿತರು. ‘ಧಾರವಾಡಕ್ಕ ಹೋಗೂ ದಿನ ಹತ್ತರ ಬಂತು. ನಿನಗ ಬರೂದಿಲ್ಲಂದ್ರ ಬರೂದಿಲ್ಲನ್ನು, ನಾ ಸುಮ್ಮನಾಗತೇನಿ. ಬರತೈತಿ ಅಂದ್ರ ಇನ್ನೊಮ್ಮೆ ತಗಿ.’ ‘ಬರತೈತ್ರಿ’ ಎಂದೆ. ಬರುತ್ತಿರಲಿಲ್ಲ. ಹಾಗೆಂದ ಮೇಲೆ ಕಲಿಯುವುದು ಅನಿವಾರ್ಯವಾಯಿತು.

ಸ್ನೇಹಿತರೇ, ನಿಯಮಗಳ ಬಗ್ಗೆ ನನಗೆ ಅಂದಿನಿಂದ ಒಂದು ಸಣ್ಣ ಗುಮಾನಿ. ಸೂರ್ಯ ಬೆನ್ನಿಗಿರಲಿ ಎಂಬ ಮಾತು ಸುಳ್ಳಲ್ಲ. ಆದರೆ ಅದು ಫೋಟೋ ತೆಗೆಯುವವರ ಅನುಕೂಲಕ್ಕೆ ಹುಟ್ಟಿದ ಮಾತು, ಎದುರು ಕುಳಿತವರ ಕಣ್ಣಿನ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ಅತ್ತೆ ಸೊಸೆ, ಮೇಷ್ಟ್ರು ಮಕ್ಕಳು, ಅಧಿಕಾರಿ ಅರ್ಜಿದಾರ, ಎಲ್ಲೆಲ್ಲಿ ಇಬ್ಬರು ಎದುರುಬದುರು ಇರುತ್ತಾರೋ ಅಲ್ಲೆಲ್ಲ ಸೂರ್ಯ ಯಾರದೋ ಒಬ್ಬರ ಬೆನ್ನಿಗಿದ್ದು ಇನ್ನೊಬ್ಬರ ಕಣ್ಣು ಕುಕ್ಕುತ್ತಿರುತ್ತಾನೆ. ಬೆನ್ನು ಬೆಚ್ಚಗಿದ್ದವರು, ಇವರೇಕೆ ಹೀಗೆ ಮುಖ ಕಿವುಚುತ್ತಾರೆ ಎಂದು ಬೇಸರಪಡುತ್ತಾರೆ. ಎದುರಿಗಿದ್ದವರ ಜಾಗದಲ್ಲಿ ಹೋಗಿ ಕುಳಿತು ನೋಡುವುದೇ ಫೋಟೋಗ್ರಫಿಯ ಮೊದಲ ಪಾಠ ಎಂದು ಯಾರಾದರೂ ನನಗೆ ಹೇಳಿದ್ದರೆ ಗೌರವ್ವನ ಬಸ್ಸಿನ ತ್ರಾಸಾದರೂ ಉಳಿಯುತ್ತಿತ್ತು. ಮರುದಿನ ನಾನು ಅಂಗಳದಲ್ಲಿ ಅದೇ ಕುರ್ಚಿ ಹಾಕಿ, ಅದೇ ಹೊತ್ತಿನಲ್ಲಿ, ಸೂರ್ಯನಿಗೆ ಮುಖ ಮಾಡಿ ನಾನೇ ಕುಳಿತೆ. ಪೊರೆಯಿಲ್ಲದ ನನ್ನ ಕಣ್ಣಲ್ಲೂ ನೀರು ಬಂತು.

ಹಾಗಾದರೆ ನೆರಳಿಗೆ ಹೋಗಬೇಕು. ಆದರೆ ನಮ್ಮ ಪಡಸಾಲೆ ಹಳೆಯ ಕಾಲದ್ದು, ದಪ್ಪ ಗೋಡೆ, ಸಣ್ಣ ಕಿಟಕಿ, ಹಗಲಿನಲ್ಲೂ ಕತ್ತಲು. ಅಂಗಳದಲ್ಲಿ ಬೆಳಕಿದೆ, ಕಣ್ಣು ತೆರೆಯುವುದಿಲ್ಲ. ಪಡಸಾಲೆಯಲ್ಲಿ ಕಣ್ಣು ತೆರೆಯುತ್ತದೆ, ಬೆಳಕಿಲ್ಲ. ಈ ಎರಡರ ನಡುವೆ ಹೊಸ್ತಿಲ ಮೇಲೆ ನಿಂತು ನಾನು ಉಂಗುರಗಳನ್ನು ತಿರುಗಿಸಿದ್ದೇ ತಿರುಗಿಸಿದ್ದು.

ಅದು ಹತ್ತಿಯ ಸುಗ್ಗಿ ಎಂದೆನಲ್ಲ. ಹೊಲದಿಂದ ಬಂದ ಹತ್ತಿ ಪಡಸಾಲೆಯಲ್ಲಿ ಹಿಡಿಸದೆ ಬಾಗಿಲಾಚೆ ಅಂಗಳದವರೆಗೂ ರಾಶಿಯಾಗಿ ಚಾಚಿಕೊಂಡಿತ್ತು. ಮಾರುಕಟ್ಟೆಗೆ ಹೋಗುವ ಮೊದಲು ಅದರೊಳಗಿನ ಒಣಗಿದ ಎಲೆ, ಕಡ್ಡಿ ಆರಿಸಿ ತೆಗೆಯುವುದು ಮನೆಯ ಹೆಂಗಸರ ಕೆಲಸ. ಒಂದು ಬೆಳಿಗ್ಗೆ ಅತ್ತೆ ಬಾಗಿಲ ಒಳಬದಿಯ ನೆರಳಿನಲ್ಲಿ ಕುಳಿತು, ಕಣ್ಣು ಮಂಜಾದರೂ ಬೆರಳ ತುದಿಯಿಂದಲೇ ಕಸ ಹುಡುಕಿ ತೆಗೆಯುತ್ತಿದ್ದರು. ನಾನು ಎದುರಿಗೆ ಕುಳಿತಿದ್ದೆ. ಏನೋ ಕೇಳಲು ತಲೆಯೆತ್ತಿದವಳು ಕೇಳುವುದನ್ನು ಮರೆತು ನೋಡುತ್ತ ಕುಳಿತೆ. ಕತ್ತಲು ಪಡಸಾಲೆಯಲ್ಲಿ ಅತ್ತೆಯ ಮುಖ ಒಂದೇ ತಿಳಿಯಾಗಿ ಬೆಳಗುತ್ತಿತ್ತು. ಗದ್ದದ ಕೆಳಗೆ ನೆರಳಿಲ್ಲ, ಕಣ್ಣಿನ ಗುಳಿಯಲ್ಲಿ ಕತ್ತಲಿಲ್ಲ. ಕಣ್ಣೆರಡೂ ಪೂರ್ತಿ ತೆರೆದಿದ್ದವು.

ಈ ಬೆಳಕು ಎಲ್ಲಿಂದ ಬಂತು? ಮೇಲೆ ನೋಡಿದೆ, ತೊಲೆಗಳು. ಪಕ್ಕದಲ್ಲಿ ಗೋಡೆ. ಕೊನೆಗೆ ನನ್ನ ಕೈಯನ್ನು ಹತ್ತಿಯ ರಾಶಿಯ ಮೇಲೆ ಚಾಚಿ ನೋಡಿದರೆ ಅಂಗೈಯ ಕೆಳಭಾಗ ಬೆಳ್ಳಗೆ ಮಿನುಗಿತು. ಬಿಸಿಲು ಅಂಗಳದ ಹತ್ತಿಯ ಮೇಲೆ ಬಿದ್ದು, ತನ್ನ ಉರಿಯನ್ನೆಲ್ಲ ಅಲ್ಲೇ ಬಿಟ್ಟು, ಮೆತ್ತಗಾಗಿ ಪುಟಿದು ಅತ್ತೆಯ ಮುಖಕ್ಕೆ ಬರುತ್ತಿತ್ತು. ಸುಗ್ಗಿ ಬಂದಾಗೆಲ್ಲ ಆ ಬೆಳಕು ಆ ಮನೆಗೆ ಬರುತ್ತಿತ್ತು. ಯಾರೂ ಅದನ್ನು ಕರೆದು ಕೂರಿಸಿರಲಿಲ್ಲ, ಅಷ್ಟೇ. ‘ಅತ್ತೀ, ಅಲ್ಲೇ ಕುಂತಿರ್ರಿ, ಅಳಗ್ಯಾಡಬ್ಯಾಡ್ರಿ’ ಎಂದು ಕೋಣೆಗೆ ಓಡಿದೆ.

ಅಣ್ಣನ ಅಣೆಕಟ್ಟು ಈಗ ನೆನಪಿಗೆ ಬಂತು. ನೀರು ಕಡಿಮೆಯಿದೆ, ಆದ್ದರಿಂದ ಗೇಟನ್ನು ಪೂರ್ತಿ ಅಗಲ ತೆರೆ, ಸ್ವಲ್ಪ ಹೆಚ್ಚು ಹೊತ್ತು ತೆರೆದಿಡು. ಹೆಚ್ಚು ಹೊತ್ತು ತೆರೆದರೆ ಕೈ ನಡುಗಿ ಚಿತ್ರ ಕಲಕುತ್ತದೆ, ಅದಕ್ಕೆ ಒಂದು ಜೋಳದ ಚೀಲವನ್ನು ಎಳೆದು ತಂದು ಅದರ ಮೇಲೆ ಕ್ಯಾಮೆರಾ ಇಟ್ಟು ಅದುಮಿದೆ. ಅಗಲ ತೆರೆದಾಗ ದೂರದ ಲೆಕ್ಕ ಕೂದಲೆಳೆಯಷ್ಟೂ ತಪ್ಪಬಾರದು, ತಪ್ಪಿದರೆ ಕಿವಿ ಸ್ಪಷ್ಟ ಬಂದು ಕಣ್ಣು ಮಸುಕಾಗುತ್ತದೆ. ಕಣ್ಣಿಗಾಗಿಯೇ ಅಲ್ಲವೇ ಇಷ್ಟೆಲ್ಲ? ಹೊಲಿಗೆಯ ಟೇಪಿನಿಂದ ಅಳೆದು ಒಂದು ನೂಲಿನ ದಾರ ಕತ್ತರಿಸಿದೆ. ಒಂದು ತುದಿಯನ್ನು ಕ್ಯಾಮೆರಾಕ್ಕೆ ಹಚ್ಚಿ, ಇನ್ನೊಂದನ್ನು ಅತ್ತೆಯ ಕೈಗೆ ಕೊಟ್ಟು, ‘ಇದನ್ನ ಮೂಗಿಗೆ ಹಚ್ಚಿ ಹಿಡೀರಿ, ದಾರ ಬಿಗಿ ಆಗೂ ತನಕ ಹಿಂದಕ್ಕ ಸರೀರಿ’ ಎಂದೆ.

ಅತ್ತೆ ಹೇಳಿದಂತೆ ಮಾಡಿದರು. ದಾರ ಬಿಗಿಯಾಯಿತು, ಉಂಗುರ ಸರಿಯಾದ ಗುರುತಿಗೆ ಬಂತು. ಅತ್ತೆಗೆ ಎಲ್ಲಿತ್ತೋ ಏನೋ ಆ ಚೇಷ್ಟೆ, ದಾರದ ತುದಿಯನ್ನು ಮೂಗಿನ ಮೇಲಿಂದ ತೆಗೆದು ಅದನ್ನೇ ನೋಡಿದರು, ಆ ಕಡೆಯ ತುದಿಯಲ್ಲಿ ಚೀಲದ ಹಿಂದೆ ಬಗ್ಗಿ ಕುಳಿತ ನನ್ನ ಕಡೆ ನೋಡಿದರು. ‘ಏ ಶಾರಿ, ಹೋರಿಗೆ ಹಾಕಿದಂಗ ಅತ್ತೀಗೇ ಮೂಗದಾರ ಹಾಕಿದಿಯಲ್ಲ. ಇಂಥಾ ಸೊಸಿ ಈ ಊರಾಗ ಯಾರಿಗಿ ಸಿಕ್ಕಾಳ?’ ಎಂದು ನಗತೊಡಗಿದರು. ಆ ನಗು ಮೊದಲು ಹೊಟ್ಟೆಗೆ, ಆಮೇಲೆ ಹೆಗಲಿಗೆ, ಕೊನೆಗೆ ಕಣ್ಣಿಗೆ ಬಂತು. ಕಣ್ಣಿಗೆ ಬಂದ ಗಳಿಗೆಯಲ್ಲಿ ನಾನು ಉಸಿರು ಹಿಡಿದು ಗುಂಡಿ ಒತ್ತಿದೆ.

ರಾಚಪ್ಪ ಒದ್ದೆ ರೀಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ದೊಡ್ಡದಾಗಿ ಪ್ರಿಂಟ್ ಹಾಕಿ ಕೊಡಿ ಎಂದೆ. ಪ್ರಿಂಟ್ ಒಣಗುತ್ತಲೇ ಅವನ ಕೈ ಅಭ್ಯಾಸಬಲದಿಂದ ಕುಂಚದ ಕಡೆ ಹೋಯಿತು. ‘ಕಣ್ಣೇನೋ ತೆರದಾವ್ರಿ. ಆದ್ರ ಪೊರಿ ಬಂದು ಬೂದಿಯಂಗ ಆಗ್ಯಾವ. ಕರ್ರಗ ತಿದ್ದತೇನಿ ತಡೀರಿ.’ ‘ಕುಂಚ ಕೆಳಗ ಇಡ್ರಿ’ ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಅವನು ಅವಮಾನವಾದವನಂತೆ, ‘ಈ ಊರಿನ ಹಿರ್ಯಾರಿಗೆಲ್ಲ ಕಣ್ಣು ಕೊಟ್ಟಾವ ನಾನ್ರಿ’ ಎಂದ. ‘ಅದಕ್ಕ ಅವರೆಲ್ಲ ಒಬ್ಬ ತಾಯಿ ಮಕ್ಕಳಂಗ ಕಾಣತಾರ್ರಿ. ನಮ್ಮ ಅತ್ತೀಗೆ ಕಣ್ಣು ಅದಾವ. ಬೂದಿ ಇದ್ರೂ ಅವರವ.’ ರಾಚಪ್ಪ ಕುಂಚವನ್ನು ಇಟ್ಟ. ಪ್ರಿಂಟನ್ನು ಕಾಗದದಲ್ಲಿ ಸುತ್ತಿ ಕೊಡುವಾಗ ಕೊನೆಗೂ ತಡೆಯಲಾರದೆ, ‘ಈ ಬೆಳಕು ಎಲ್ಲಿ ಸಿಕ್ಕಿತ್ರಿ ನಿಮಗ?’ ಎಂದು ಕೇಳಿದ. ‘ಹತ್ತಿಯೊಳಗ’ ಎಂದೆ. ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡಿರಬೇಕು, ಮುಖ ತಿರುಗಿಸಿ ರೊಕ್ಕ ಎಣಿಸತೊಡಗಿದ.

ಇಷ್ಟಾದರೂ ಗೆದ್ದೆನೆಂದು ಹೇಳುವಂತಿರಲಿಲ್ಲ, ಯಾಕೆಂದರೆ ಯಾರಿಗಾಗಿ ತೆಗೆದದ್ದೋ ಅವರಿಗೇ ಅದು ಕಾಣುತ್ತಿರಲಿಲ್ಲ. ಅತ್ತೆಯ ಮಂಜುಗಣ್ಣಿಗೆ ಆ ಕಾಗದ ಬೆಳ್ಳಗೆ ಕರ್ರಗೆ ಅಷ್ಟೇ. ಎಲ್ಲರೂ ಕಣ್ಣು ತೆರೆದಿವೆ ಎಂದರೆ, ‘ರಾಚಪ್ಪ ಕಣ್ಣು ಬರದಿರಬೇಕು, ನೀವು ನನಗ ಸುಳ್ಳು ಹೇಳತೀರಿ’ ಎಂದರು. ಸಂಗೊಳ್ಳಿಯಿಂದ ಗೌರವ್ವ ಬಂದು ಆಣೆ ಮಾಡಿದರೂ ನಂಬಲಿಲ್ಲ. ಫೋಟೋವನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡೇ ಧಾರವಾಡದ ಬಸ್ಸು ಹತ್ತಿದರು.

ಆಪರೇಶನ್ ಆಯಿತು, ಪಟ್ಟಿ ಬಿಚ್ಚಿದರು, ಗಾಯ ಮಾಯುವ ತನಕ ಕಾದದ್ದಾಯಿತು. ಕೊನೆಗೆ ಸೀಸೆಯ ತಳದಷ್ಟು ದಪ್ಪ ಗಾಜಿನ ಚಾಳೀಸು ಹಾಕಿಕೊಂಡು ಅತ್ತೆ ಮನೆಗೆ ಬಂದರು. ಗಾಜಿನ ಹಿಂದೆ ಅವರ ಕಣ್ಣು ಎರಡು ಪಟ್ಟಾಗಿ ಕಾಣುತ್ತಿದ್ದವು. ಪಡಸಾಲೆಯಲ್ಲಿ ಕುಳಿತು, ಮೊದಲು ನನ್ನ ಮುಖ ನೋಡಿ, ‘ಬಡವಾಗಿದಿ’ ಎಂದರು. ಆಮೇಲೆ ಫೋಟೋವನ್ನು ಸೀರೆಯ ಮಡಿಕೆಯಿಂದ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಚಾಳೀಸಿಗೆ ತಾಗುವಷ್ಟು ಹತ್ತಿರ ತಂದು ನೋಡತೊಡಗಿದರು. ಯಜಮಾನರು, ನಾನು, ಗೌರವ್ವ ಸುತ್ತ ನಿಂತಿದ್ದೆವು.

‘ಇದೇನ ಈ ಬಿಳಿ ಚುಕ್ಕಿ? ಕಣ್ಣಾಗ? ಇದು ರಾಚಪ್ಪಂದ ಹೌದಲ್ಲ?’ ಎಂದರು. ಬಗ್ಗಿ ನೋಡಿದೆ. ಅದು ಚುಕ್ಕೆಯಾಗಿರಲಿಲ್ಲ, ಉದ್ದಕ್ಕೆ ಚಾಚಿದ ಒಂದು ಬಿಳಿಯ ದಿಬ್ಬ. ‘ಅಲ್ರಿ ಅತ್ತೀ, ಅದು ನಮ್ಮ ಹತ್ತಿ ರಾಶಿ. ನಿಮ್ಮ ಮುಂದ ಇತ್ತಲ್ರಿ, ಅದು ನಿಮ್ಮ ಕಣ್ಣಾಗ ಮೂಡೈತಿ.’ ಅತ್ತೆ ಇನ್ನೂ ಹತ್ತಿರ ತಂದರು. ‘ಮತ್ತ ಅದರ ಮಗ್ಗಲ ಈ ಕರೀದು?’ ಬಿಳಿಯ ದಿಬ್ಬದ ಅಂಚಿನಲ್ಲಿ ಎಳ್ಳಿನಷ್ಟು ಕಪ್ಪು ಇತ್ತು. ಆ ಜಾಗದಲ್ಲಿ ಜೋಳದ ಚೀಲದ ಹಿಂದೆ ಬಗ್ಗಿ ಕುಳಿತಿದ್ದವಳು ಒಬ್ಬಳೇ. ‘ಅದು ನಾನ ಇರಬೇಕ್ರಿ’ ಎಂದೆ.

ಅತ್ತೆ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿದರು. ‘ಹಂಗಾದ್ರ ಇವು ನನ್ನವ. ರಾಚಪ್ಪ ಬರದ ಕಣ್ಣಾಗಿದ್ರ ನೀ ಅದರಾಗ ಇರತಿದ್ದಿಲ್ಲ’ ಎಂದರು. ಹೇಳಿದ್ದು ಅಷ್ಟೇ. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಮದುವೆಯಾಗಿ ಬಂದ ಮೇಲೆ ಆ ಮನೆ ನನ್ನದು ಎಂದು ನನಗೆ ಅನ್ನಿಸಿದ್ದು ಅಂದು.

ಹೊರಗೆ ಬಂದಾಗ ಯಜಮಾನರು ಮೊದಲೇ ತರಿಸಿಟ್ಟಿದ್ದ ಚೌಕಟ್ಟಿಗೆ ಫೋಟೋವನ್ನು ಸೇರಿಸಿ, ಮಾವನವರ ಮಗ್ಗುಲಿನ ಮೊಳೆಗೆ ಹಾಕಲು ಹೊರಟಿದ್ದರು. ಅತ್ತೆ ತಡೆದರು. ‘ಅಲ್ಲಿ ಬ್ಯಾಡೋ, ನಾ ಇನ್ನ ಸತ್ತಿಲ್ಲ. ಆ ಫೋಟೋ ಹೊರಗಿನ ಬಾಗಲಕ್ಕ ಎದುರಾಗಿ ಹಾಕು. ಬಂದವರನ್ನ ನಾ ನೋಡಬೇಕು.’ ಆಮೇಲೆ ನನ್ನ ಕಡೆ ತಿರುಗಿ, ‘ಶಾರವ್ವಾ, ಅದನ್ನ ತಗೊಂಡು ಬಾ’ ಎಂದರು. ಯಾವುದನ್ನು ಎಂದು ಕೇಳಬೇಕಾಗಲಿಲ್ಲ. ಧಾರೆಯ ಸೀರೆಯ ಕೆಳಗಿಂದ ಕ್ಯಾಮೆರಾ ತಂದುಕೊಟ್ಟೆ. ಅತ್ತೆ ಮಣೆಯ ಮೇಲೆ ಹತ್ತಿ ನಿಂತು, ಹೊಸ ಕಣ್ಣಿನಿಂದ ಮೊಳೆಯನ್ನು ಗುರಿಯಿಟ್ಟು ನೋಡಿ, ಚರ್ಮದ ಪಟ್ಟಿಯನ್ನು ತಮ್ಮ ಕೈಯಿಂದಲೇ ಅದಕ್ಕೆ ತೂಗುಹಾಕಿದರು. ‘ಪೆಟಗಿಯಾಗ ಮುಚ್ಚಿ ಇಡೂವಂಥಾದ್ದೇನು ಇದು? ಇಲ್ಲೇ ಇರಲಿ. ಯಾರ್ದಂತ ಮಂದಿ ಕೇಳಲಿ. ನಮ್ಮ ಮನಿ ಸೊಸೀದು ಅಂತ ಹೇಳಾಕ ನಾ ಇಲ್ಲೇ ಕುಂತಿರತೇನಿ.’

ಹೇಳಿದರು ಕೂಡ, ಇದ್ದಷ್ಟು ದಿನ, ಕೇಳಿದವರಿಗೂ ಕೇಳದವರಿಗೂ. ಮೊದಲು ಓಣಿಯ ಮುದುಕಿಯರು ಬಂದರು, ಆಮೇಲೆ ಸಂಗೊಳ್ಳಿಯವರು, ಸವದತ್ತಿಯವರು, ರಾಮದುರ್ಗದಿಂದ ನನ್ನ ತವರಿನ ಬಳಗದವರು. ಎಲ್ಲರದೂ ಒಂದೇ ಬೇಡಿಕೆ, ಕಣ್ಣು ತೆರೆದದ್ದು ಬೇಕು. ಸುಗ್ಗಿಯಲ್ಲಿ ಹತ್ತಿಯ ಮುಂದೆ, ಸುಗ್ಗಿ ಮುಗಿದರೆ ಒಗೆದು ಹಾಸಿದ ಬಿಳಿಯ ಧೋತರದ ಮುಂದೆ ಅವರನ್ನು ಕೂರಿಸಿ, ಮೂಗಿಗೆ ದಾರ ಹಿಡಿಸಿ, ನಗುವ ತನಕ ಕಾದು ತೆಗೆದೆ. ಊರಿನ ಗೋಡೆಗಳ ಮೇಲೆ ಒಂದೊಂದಾಗಿ ಬೇರೆ ಬೇರೆ ಕಣ್ಣುಗಳು ಮೂಡಿದವು. ಮೆಳ್ಳೆಗಣ್ಣು, ಗುಳಿಬಿದ್ದ ಕಣ್ಣು, ಬೆಕ್ಕಿನ ಕಣ್ಣು. ರಾಚಪ್ಪ ಕೂಡ ಒಂದು ದಿನ ತನ್ನ ತಾಯಿಯನ್ನು ಕರೆದುಕೊಂಡು ಬಂದು ನಮ್ಮ ಹತ್ತಿಯ ಮುಂದೆ ಕೂರಿಸಿ, ಬೆಳಕಿಗೆ ತಾನೇ ಕೈ ಒಡ್ಡಿ ನೋಡಿದ. ಬಹಳ ವರ್ಷಗಳ ಮೇಲೆ ಅತ್ತೆ ತೀರಿಕೊಂಡಾಗ ಪದ್ಧತಿಯಂತೆ ಕೂರಿಸಿದೆವು, ವಿಭೂತಿ ಧರಿಸಿದೆವು, ಮಾಲೆ ಹಾಕಿದೆವು. ಫೋಟೋ ತೆಗೆಯಲು ಮಾತ್ರ ಯಾರನ್ನೂ ಕರೆಯಲಿಲ್ಲ. ಎದುರಿನ ಗೋಡೆಯ ಮೇಲೆ ಅವರು ನಗುತ್ತಿದ್ದರು.

ಮೊನ್ನೆ ಸುಣ್ಣ ಒಣಗಿದ ಮೇಲೆ ಯಲ್ಲಪ್ಪ ಎಲ್ಲವನ್ನೂ ಮತ್ತೆ ಗೋಡೆಗೆ ಏರಿಸಿದ. ಮಾವನವರು ತಮ್ಮ ಎರವಲು ಕಣ್ಣಿನೊಂದಿಗೆ ತಮ್ಮ ಜಾಗಕ್ಕೆ ಹೋದರು. ಕೊನೆಗೆ ಉಳಿದದ್ದು ಬಣ್ಣ ಹೋದ ಚರ್ಮದ ಚೀಲ. ಅದನ್ನು ಸೊಟ್ಟ ಮೊಳೆಗೆ ಸಿಕ್ಕಿಸುತ್ತ ಅವನು, ‘ಇದು ಯಾರ್ದ್ರಿ ಅಮ್ಮಾರ?’ ಎಂದು ಕೇಳಿದ. ಒಳಗೆ ನನ್ನ ಸೊಸೆ ಚಹಾ ಸೋಸುತ್ತಿದ್ದಳು. ನಾನು ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದು, ಪಟ್ಟಿಯನ್ನು ನೆಟ್ಟಗೆ ಮಾಡಿ, ‘ನಮ್ಮ ಮನಿ ಸೊಸೀದು’ ಎಂದೆ.